ಪ್ರತಿಕ್ರಿಯೆ: ಗಾಜಿನ ಮೇಲೆ ಫೈಬ್ರೊನೆಕ್ಟಿನ್ ಗೆರೆಗಳು ತುಂಡು ತುಂಡಾಗಿ ಬರುತ್ತಿವೆ
ಸ್ಟ್ಯಾಂಪಿನಿಂದ ಗಾಜಿನ ಮೇಲೆ ಒತ್ತಿದ ಫೈಬ್ರೊನೆಕ್ಟಿನ್ (ಜೀವಕೋಶಗಳು ಅಂಟಿಕೊಳ್ಳುವ ಪ್ರೋಟೀನ್) ಗೆರೆಗಳು ಯಾಕೆ ತುಂಡಾಗುತ್ತಿವೆ ಎಂದು ಕೇಳಿದ್ದೀರಿ. ನೀವು ಗಾಜಿನ ಬದಲು ಪಿಡಿಎಂಎಸ್ (ಮೆತ್ತಗಿನ ಸಿಲಿಕೋನ್ ರಬ್ಬರ್) ಸ್ಟ್ಯಾಂಪಿಗೆ ಪ್ಲಾಸ್ಮಾ (ಮೇಲ್ಮೈ ಮೇಲೆ ನೀರು ಹರಡುವಂತೆ ಮಾಡುವ ವಿದ್ಯುದಾವೇಶದ ಅನಿಲ) ಕೊಟ್ಟಿದ್ದೀರಲ್ಲ, ಬಹುಶಃ ಅದೇ ಕಾರಣ. ಸ್ಟ್ಯಾಂಪಿಗಿಂತ ಗಾಜಿನ ಮೇಲೆ ನೀರು ಚೆನ್ನಾಗಿ ಹರಡಬೇಕು, ಆಗಲೇ ಪ್ರೋಟೀನ್ ಸ್ಟ್ಯಾಂಪ್ ಬಿಟ್ಟು ಈ ಕಡೆ ಬರುತ್ತದೆ. ನಿಮ್ಮಲ್ಲಿ ಅದು ಉಲ್ಟಾ ಆಗಿದೆ.

ಪ್ಲಾಸ್ಮಾ ಕೊಡದ ಹೊಸ ಸ್ಟ್ಯಾಂಪ್ ತೆಗೆದುಕೊಳ್ಳಿ. ಮಿ.ಲೀ.ಗೆ 50 ಮೈಕ್ರೋಗ್ರಾಂ ಪ್ರೋಟೀನ್ ಇರುವ ದ್ರಾವಣ ಹಾಕಿ ಒಂದು ಗಂಟೆ ಬಿಡಿ. ಆಮೇಲೆ ಉಪ್ಪಿನಂಶವಿರುವ ಬಫರ್‌ನಲ್ಲಿ ತೊಳೆದು, ಕೊನೆಗೊಮ್ಮೆ ಬರೀ ನೀರಿನಲ್ಲಿ ಅದ್ದಿ ತೆಗೆಯಿರಿ, ಇಲ್ಲದಿದ್ದರೆ ಒಣಗಿದಾಗ ಉಪ್ಪಿನ ಹರಳು ಕೂತು ಅಲ್ಲಲ್ಲಿ ಖಾಲಿ ಜಾಗ ಬರುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದೂ ಹರಿದ ಗೆರೆಯ ಹಾಗೇ ಕಾಣುತ್ತದೆ. ನೈಟ್ರೋಜನ್ ಊದಿ ಒಣಗಿಸಿ. ಗಾಜಿಗೆ ಪ್ಲಾಸ್ಮಾ ಕೊಟ್ಟ ಕೂಡಲೇ ಒತ್ತಿ, ತಡ ಮಾಡಬೇಡಿ.

ಜೋರಾಗಿ ಅದುಮುವುದು ಬೇಡ. ಅದುಮಿದರೆ ಸ್ಟ್ಯಾಂಪಿನ ಗೆರೆಗಳ ನಡುವಿನ ತಗ್ಗು ಭಾಗವೂ ಕುಸಿದು ಗಾಜಿಗೆ ತಾಗುತ್ತದೆ, ಆಗ ಎಲ್ಲಾ ಕಡೆ ಪ್ರೋಟೀನ್! ಗೆರೆಗಳ ಅಂತರ ಜಾಸ್ತಿ ಇದ್ದು ಎತ್ತರ ಕಡಿಮೆ ಇದ್ದರೆ ಸುಮ್ನೆ ಇಟ್ಟರೂ ಕುಸಿಯಬಹುದು.

ಜೀವಕೋಶ ಅಂಟದಂತೆ ಗೆರೆಗಳಾಚೆ ಉಳಿದ ಜಾಗ ಮುಚ್ಚಲು ಪ್ಲುರಾನಿಕ್ ಎಂಬ ಪಾಲಿಮರ್ ಬಳಸುತ್ತಿದ್ದೀರಿ, ಅಲ್ವಾ? ನೀರು ಹರಡುವ ಗಾಜಿಗೆ ಅದು ಸರಿಯಾಗಿ ಅಂಟುವುದಿಲ್ಲ. ಅಂಥ ಗಾಜಿಗೂ ಅಂಟುವ ಪಿಎಲ್ಎಲ್-ಪೆಗ್ ಎಂಬ ಪಾಲಿಮರ್ ಹಾಕಿ.

ಇಷ್ಟಾದರೂ ಗೆರೆ ತುಂಡಾದರೆ ಫೋಟೋ ಹಾಕಿ, ನೋಡದೆ ಖಚಿತವಾಗಿ ಹೇಳುವುದು ಕಷ್ಟ.