ಓದುಗರ ಪ್ರಶ್ನೆ: ಜೀವಕೋಶದ ಬ್ಯಾಟರಿ ಸತ್ತಿದೆ ಅಂತಾರೆ, ನಿಜಾನಾ?

ಪ್ರಶ್ನೆ: ನನಗೆ 61 ವರ್ಷ. ಬೆಟಗೇರಿಯಲ್ಲಿ ಮೂವತ್ತೈದು ವರ್ಷ ಕೈಮಗ್ಗ ನೇಯ್ದವನು. ಮೂರು ವರ್ಷದ ಹಿಂದೆ ಮಗ್ಗ ಬಿಟ್ಟೆ. ಈಗ ಮಗನ ಅಂಗಡಿಯಲ್ಲಿ ಗಲ್ಲಾದಲ್ಲಿ ಕೂರುತ್ತೇನೆ. ಒಂದು ವರ್ಷದಿಂದ ಬಹಳ ದಣಿವು, ಮೊಣಕಾಲು ನೋವು. ಎಂಟು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದೇನೆ. ಹುಬ್ಬಳ್ಳಿಯ ಒಂದು ಶಿಬಿರದಲ್ಲಿ ‘ನಿಮ್ಮ ಜೀವಕೋಶದ ಬ್ಯಾಟರಿ ಸತ್ತಿದೆ, ಅದಕ್ಕೇ ಮೈಯಲ್ಲಿ ಉರಿಯೂತ’ ಎಂದರು. ಎನ್‌ಎಂಎನ್ ಎಂಬ ಮಾತ್ರೆ ಬರೆದುಕೊಟ್ಟರು. ತಿಂಗಳಿಗೆ 3,600 ರೂಪಾಯಿ. ತಗೊಳ್ಳಲಾ?
(ಓದುಗರು, ಗದಗ-ಬೆಟಗೇರಿ)

ಉತ್ತರ: ಹಿರಿಯರೇ, ಆ 3,600 ರೂಪಾಯಿ ಸದ್ಯ ನಿಮ್ಮ ಜೇಬಿನಲ್ಲೇ ಇರಲಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಯಲು), ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್‌ನ ಸರಾಸರಿ). ನನಗೆ ಬಿ12 ಮೇಲೇ ಜಾಸ್ತಿ ಅನುಮಾನ. ಬಹಳ ವರ್ಷ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಬಿ12 ಇಳಿಯಬಹುದು. ಮಾಂಸ, ಮೊಟ್ಟೆ ತಿನ್ನದವರಾದರೆ ಇನ್ನೂ ಬೇಗ. ಅದು ಇಳಿದರೆ ದಣಿವು ಬರುತ್ತದೆ, ಪಾದ ಜೋಮು ಹಿಡಿಯುತ್ತದೆ. ಹಾಗಂತ ಮೆಟ್‌ಫಾರ್ಮಿನ್ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಮೊಣಕಾಲು ಊದಿ ಬಿಸಿಯಾಗಿದ್ದರೆ, ಬೆಳಿಗ್ಗೆ ಎದ್ದಾಗಿನ ಬಿಗಿತ ಒಂದು ತಾಸಾದರೂ ಸಡಿಲವಾಗದಿದ್ದರೆ, ಸುಮ್ನೆ ತೂಕ ಇಳಿಯುತ್ತಿದ್ದರೆ ತಡ ಮಾಡದೆ ತೋರಿಸಿ.

ಇನ್ನು ಬ್ಯಾಟರಿ ವಿಷಯ. ಶಿಬಿರದವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅರ್ಧ ನಿಜ ಇದ್ದಾಗಲೇ ಜನ ಮೋಸ ಹೋಗುವುದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಜೀವಕೋಶಗಳ ಒಳಗೆ ಮೈಟೊಕಾಂಡ್ರಿಯ ಎಂಬ ಸಣ್ಣ ಸಣ್ಣ ಅಂಗಗಳಿವೆ. ನಾನು ಇವನ್ನು ಬ್ಯಾಟರಿ ಅನ್ನುವುದಿಲ್ಲ, ಒಲೆ ಅನ್ನುತ್ತೇನೆ. ಬ್ಯಾಟರಿ ಬರೀ ಕೂಡಿಟ್ಟುಕೊಳ್ಳುತ್ತದೆ, ಒಲೆ ಉರಿಸುತ್ತದೆ. ನೀವು ತಿಂದ ರೊಟ್ಟಿ, ಉಸಿರಾಡಿದ ಗಾಳಿ ಇಲ್ಲಿ ಸೇರಿ ಎಟಿಪಿ ಎಂಬ ಶಕ್ತಿಯ ಕಣ ಆಗುತ್ತದೆ. ಒಂದು ದಿನದಲ್ಲಿ ನಮ್ಮ ಮೈ ಹತ್ತಿರ ಹತ್ತಿರ ತನ್ನ ತೂಕದಷ್ಟೇ ಎಟಿಪಿ ಮಾಡಿ ಖರ್ಚು ಮಾಡುತ್ತದೆ. ಎಡೆಬಿಡದೆ ಬಡಿಯುವ ಹೃದಯದ ಕೋಶದಲ್ಲಿ ಸುಮಾರು ಮೂರನೇ ಒಂದು ಪಾಲು ಜಾಗ ಇವುಗಳದ್ದೇ.

ಒಲೆ ಅಂದಮೇಲೆ ಹೊಗೆ ಇದ್ದೇ ಇರುತ್ತದೆ. ಇಲ್ಲಿನ ಹೊಗೆಗೆ ಫ್ರೀ ರ‍್ಯಾಡಿಕಲ್ ಎಂದು ಹೆಸರು. ಈ ಹೊಗೆಯೇ ಮುಪ್ಪಿಗೆ ಕಾರಣ ಎಂದು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಹೇಳಿದರು. ಆಮೇಲೆ, 1972ರಲ್ಲಿ, ಬೆರಳು ಮೈಟೊಕಾಂಡ್ರಿಯದ ಕಡೆಗೇ ತೋರಿಸಿದರು. ಆದರೆ ಕಥೆ ಅಷ್ಟು ಸರಳ ಆಗಲಿಲ್ಲ. ಸ್ವೀಡನ್ನಿನವರು 2004ರಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ತಪ್ಪುಗಳು ಬೇಗ ಬೇಗ ಕೂಡುವಂಥ ಇಲಿಗಳನ್ನು ಬೆಳೆಸಿದರು. ಆರು ತಿಂಗಳಿಗೆಲ್ಲ ಕೂದಲು ಉದುರಿತು, ಬೆನ್ನು ಬಾಗಿತು, ಮೂಳೆ ಸವೆಯಿತು. ಅಷ್ಟಾದರೂ ಆ ಇಲಿಗಳಲ್ಲಿ ಹೊಗೆ ಅಂಥಾ ಜಾಸ್ತಿ ಆಗಿರಲಿಲ್ಲ! ಒಲೆ ಕೆಟ್ಟರೆ ಮುಪ್ಪು ಬರುತ್ತದೆ, ನಿಜ. ಹೊಗೆ ಒಂದನ್ನೇ ದೂರಿದರೆ ಲೆಕ್ಕ ತಪ್ಪುತ್ತದೆ.

ಹಾಗಾದರೆ ಉರಿಯೂತ ಎಲ್ಲಿಂದ ಬಂತು? ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇದೇ. ಈ ಮೈಟೊಕಾಂಡ್ರಿಯ ಮೂಲದಲ್ಲಿ ನಮ್ಮದಲ್ಲ. ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಒಂದು ಬ್ಯಾಕ್ಟೀರಿಯ ಇನ್ನೊಂದು ಕೋಶದ ಒಳಗೆ ಹೊಕ್ಕು ಅಲ್ಲೇ ಉಳಿಯಿತು. ಹಿತ್ತಿಲ ಕೋಣೆಗೆ ಬಂದ ಬಾಡಿಗೆದಾರ ತಲೆಮಾರುಗಟ್ಟಲೆ ಇದ್ದು ಮನೆಯವನೇ ಆದ ಹಾಗೆ. ತನ್ನ ಡಿಎನ್‌ಎ ಮಾತ್ರ ಇವತ್ತಿಗೂ ಬೇರೆ ಇಟ್ಟುಕೊಂಡಿದೆ, ಬ್ಯಾಕ್ಟೀರಿಯದ್ದರಂತೆ ಬಳೆಯ ಆಕಾರದಲ್ಲಿ.

ಮನೆ ಕಾಯುವ ನಾಯಿ ಇದೆ ಅಂದುಕೊಳ್ಳಿ, ಅದು ನಮ್ಮ ರೋಗನಿರೋಧಕ ವ್ಯವಸ್ಥೆ. ಬಾಡಿಗೆದಾರ ತನ್ನ ಕೋಣೆಯಲ್ಲಿ ಇರುವತನಕ ನಾಯಿ ಸುಮ್ಮನಿರುತ್ತದೆ. ಕೋಣೆಯ ಗೋಡೆ ಬಿರುಕು ಬಿಟ್ಟು ಅವನ ಸಾಮಾನು ಪಡಸಾಲೆಗೆ ಬಿದ್ದರೆ? ಯಾರೋ ಹೊರಗಿನವರು ನುಗ್ಗಿದರೆಂದು ಬೊಗಳಲು ಶುರು. ಹಾಗೆಯೇ ಹಳೆಯ ಮೈಟೊಕಾಂಡ್ರಿಯದಿಂದ ಸೋರಿದ ಡಿಎನ್‌ಎಯನ್ನು ಸೋಂಕು ಎಂದು ತಿಳಿದು ಕೋಶ ಗಂಟೆ ಬಾರಿಸುತ್ತದೆ. ಕೋಶದಲ್ಲಿ ಇದಕ್ಕೆಂದೇ ಸಿಗ್ಯಾಸ್-ಸ್ಟಿಂಗ್, ಎನ್‌ಎಲ್‌ಆರ್‌ಪಿ3 ಎಂಬ ಕಾವಲು ವ್ಯವಸ್ಥೆಗಳಿವೆ. ಸೋಂಕಿಲ್ಲ, ಜ್ವರವಿಲ್ಲ, ಆದರೂ ಒಳಗೊಳಗೇ ಬೂದಿ ಮುಚ್ಚಿದ ಕೆಂಡದ ಹಾಗೆ ಉರಿ ಇರುತ್ತದೆ. ವಯಸ್ಸಿನ ಜೊತೆ ಬರುವ ಈ ಉರಿಗೆ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟರು. ಹೊಟ್ಟೆಯ ಬೊಜ್ಜು, ತಂಬಾಕು, ವಸಡಿನ ಹುಣ್ಣು ಕೂಡ ಇದಕ್ಕೆ ಗಾಳಿ ಹಾಕುತ್ತವೆ.

ಕೆಟ್ಟ ಮೈಟೊಕಾಂಡ್ರಿಯವನ್ನು ಕೋಶ ತಾನೇ ಗುರುತಿಸಿ, ಒಡೆದು, ಬೇಕಾದ್ದನ್ನು ಮತ್ತೆ ಬಳಸಿಕೊಳ್ಳುತ್ತದೆ. ವಯಸ್ಸಾದಂತೆ ಈ ಗುಡಿಸುವ ಕೆಲಸ ನಿಧಾನ ಆಗುತ್ತದೆ. ಕೂತೇ ಇದ್ದರೆ ಇನ್ನೂ ನಿಧಾನ.

ಈಗ ನಿಮ್ಮ ಮಗ್ಗಕ್ಕೆ ಬರೋಣ. ಮೂವತ್ತೈದು ವರ್ಷ ದಿನವಿಡೀ ಎರಡೂ ಕಾಲಿನಿಂದ ಮಗ್ಗ ತುಳಿದಿರಿ, ಕೈಯಿಂದ ಲಾಳಿ ಓಡಿಸಿದಿರಿ. ನಿಮ್ಮ ತೊಡೆಯ ಸ್ನಾಯುವಿನಲ್ಲಿ ಒಲೆಗಳಿಗೆ ಬರವಿರಲಿಲ್ಲ. ಮೂರು ವರ್ಷದಿಂದ ಆ ತುಳಿತ ನಿಂತಿದೆ. ಕೆಲಸ ಇಲ್ಲದ ಸ್ನಾಯು ಒಲೆಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ, ತಾನೂ ಸಣ್ಣದಾಗುತ್ತದೆ. ತೊಡೆ ಸೋತರೆ ಭಾರವೆಲ್ಲ ಮೊಣಕಾಲಿನ ಮೇಲೆ. ನಿಮ್ಮ ದಣಿವಿನ ಒಂದು ಬೇರು ಇಲ್ಲೇ ಇದೆ ಅನ್ನಿಸುತ್ತದೆ ನನಗೆ.

ಹೋದದ್ದು ವಾಪಸ್ ಬರುತ್ತದೆ, ಇದು ಖುಷಿಯ ಸುದ್ದಿ. ಅಮೆರಿಕದ ಜಾನ್ ಹಾಲೊಸ್ಜಿ 1967ರಲ್ಲೇ ಇಲಿಗಳನ್ನು ವಾರಗಟ್ಟಲೆ ಓಡಿಸಿ ನೋಡಿದರು. ಸ್ನಾಯುವಿನ ಮೈಟೊಕಾಂಡ್ರಿಯದ ಕೆಲಸ ಸುಮಾರು ಎರಡು ಪಟ್ಟಾಗಿತ್ತು. ವಯಸ್ಸಾದ ಮನುಷ್ಯರಲ್ಲೂ ವ್ಯಾಯಾಮದಿಂದ ಇದು ಸುಧಾರಿಸುತ್ತದೆ.

ಬೆಳಿಗ್ಗೆ ಭೀಷ್ಮ ಕೆರೆ ಕಡೆ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ವೇಗ. ಹತ್ತು ನಿಮಿಷದಿಂದ ಶುರು ಮಾಡಿ ವಾರಕ್ಕೆ 150 ನಿಮಿಷಕ್ಕೆ ಏರಿಸಿ. ನಡೆಯುವಾಗ ಎದೆ ಹಿಡಿದ ಹಾಗಾದರೆ ನಿಲ್ಲಿಸಿ, ಆವತ್ತೇ ಡಾಕ್ಟರ ಹತ್ತಿರ ಹೋಗಿ. ಅಂಗಡಿಯಲ್ಲಿ ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ದಿನಕ್ಕೆ ಎರಡು ಬಾರಿ. ಮೊದಲ ವಾರ ಐದೇ ಆದರೂ ಚಿಂತೆಯಿಲ್ಲ. ಊಟದಲ್ಲಿ ಜೋಳದ ರೊಟ್ಟಿ ಒಂದು ಕಡಿಮೆಯಾಗಲಿ, ಮಡಕಿ ಕಾಳಿನ ಪಲ್ಯ, ಮೊಸರು ಜಾಸ್ತಿಯಾಗಲಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ಎನ್‌ಎಂಎನ್ ತಗೊಂಡರೆ ರಕ್ತದಲ್ಲಿ ಎನ್‌ಎಡಿ ಎಂಬ ವಸ್ತು ಏರುತ್ತದೆ. ಅದು ಒಲೆಗೆ ಬೇಕಾದದ್ದೇ. ಆದರೆ ಅದರಿಂದ ಮನುಷ್ಯರ ಮುಪ್ಪು ತಡೆದಿದೆ ಎಂದು ಯಾರೂ ತೋರಿಸಿಲ್ಲ. ಹೊಗೆ ಒರೆಸುವ ವಿಟಮಿನ್ ಮಾತ್ರೆಗಳೂ ಅಷ್ಟೇ. ಜರ್ಮನಿಯಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಯುವಕರು ನಾಲ್ಕು ವಾರ ವ್ಯಾಯಾಮ ಮಾಡಿದರು. ಜೊತೆಗೆ ಜಾಸ್ತಿ ಪ್ರಮಾಣದ ಸಿ ಮತ್ತು ಇ ವಿಟಮಿನ್ ನುಂಗಿದವರಿಗೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭವೇ ಸಿಗಲಿಲ್ಲ. ಹಿಡಿಯಷ್ಟು ಹೊಗೆ ಬಂದಾಗಲೇ ಕೋಶ ಎಚ್ಚೆತ್ತು ಹೊಸ ಒಲೆ ಕಟ್ಟುತ್ತದೆ. ಹಣ್ಣು, ಸೊಪ್ಪಿನಿಂದ ಬರುವ ವಿಟಮಿನ್‌ಗೆ ಈ ಮಾತು ಅನ್ವಯಿಸುವುದಿಲ್ಲ.

ಪ್ರಶ್ನೆ: ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದಂತೆ. ನಮ್ಮವ್ವನಿಗೆ ಐವತ್ತಕ್ಕೇ ಮುಪ್ಪು ಬಂತು. ನನಗೂ ಹಾಗೇನಾ?
(ಓದುಗರು, ಹಾನಗಲ್, ಹಾವೇರಿ ಜಿಲ್ಲೆ)

ಉತ್ತರ: ತಂಗೀ, ಹೆದರಬೇಡಿ. ಮೈಟೊಕಾಂಡ್ರಿಯದ ಡಿಎನ್‌ಎ ಅವ್ವನಿಂದಲೇ ಬರುತ್ತದೆ, ನಿಜ. ಆದರೆ ಅದರಲ್ಲಿರುವುದು 37 ಜೀನ್ ಮಾತ್ರ. ಮೈಟೊಕಾಂಡ್ರಿಯ ನಡೆಯಲು ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನ್ ಬೇಕು, ಅದರಲ್ಲಿ 13ಕ್ಕೆ ಮಾತ್ರ ಅಲ್ಲಿ ಬರಹ ಇದೆ. ಉಳಿದ ಪ್ರೋಟೀನ್‌ಗಳ ಜೀನ್ ಇರುವುದು ಕೋಶದ ಮುಖ್ಯ ಡಿಎನ್‌ಎಯಲ್ಲಿ, ಅದರಲ್ಲಿ ಅಪ್ಪನ ಪಾಲೂ ಉಂಟು. ಮೇಲಾಗಿ ಅವ್ವನ ಕಾಲದ ಸೌದೆ ಹೊಗೆ, ಸಾಲು ಹೆರಿಗೆ, ರಕ್ತ ಕಡಿಮೆ ಇದ್ದೂ ದುಡಿದದ್ದು ಜೀನ್‌ನಲ್ಲಿ ಬರುವಂಥದ್ದಲ್ಲ, ಅಲ್ವಾ?

ಒಂದು ಮಾತ್ರ ನೋಡಿಕೊಳ್ಳಿ. ಅವ್ವ, ಅಜ್ಜಿ, ಸೋದರಮಾವ, ಈ ಸಾಲಿನಲ್ಲಿ ಹಲವರಿಗೆ ಚಿಕ್ಕ ವಯಸ್ಸಿಗೇ ಶುಗರ್ ಮತ್ತು ಕಿವುಡು ಎರಡೂ ಬಂದಿದೆಯಾ? ಹಾಗಿದ್ದರೆ ಅದು ಮೈಟೊಕಾಂಡ್ರಿಯದ ದೋಷದಿಂದ ಬರುವ ಶುಗರ್ ಇರಬಹುದು. ಅಂಥವರಿಗೆ ಸಾಮಾನ್ಯವಾಗಿ ಮೆಟ್‌ಫಾರ್ಮಿನ್ ಕೊಡುವುದಿಲ್ಲ. ಆದ್ದರಿಂದ ಮನೆಯಲ್ಲಿ ಯಾರಿಗೆ ಶುಗರ್ ಇದ್ದರೂ ಈ ಕಿವುಡಿನ ವಿಷಯ ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ನೀವೇ ಹೇಳಿ.