ಹಸಿರು ಪಫರ್ ಮೀನಿಗೆ ಕೊಡಗಿನ ಬಾವಿ ನೀರೊಂದೇ ಸಾಲದು

ಸಿಹಿನೀರಿನ ಮೀನು ಎಂಬ ಮಾತನ್ನು ನಂಬಿ ಮೈಸೂರಿನಿಂದ ಎರಡು ಹಸಿರು ಪಫರ್ ಮರಿಗಳನ್ನು ವಿರಾಜಪೇಟೆಗೆ ತಂದು, 100 ಲೀಟರಿನ ತೊಟ್ಟಿಯಲ್ಲಿ ಬಾವಿ ನೀರಿನಲ್ಲೇ ಎರಡು ತಿಂಗಳು ಸಾಕಿದ್ದೀರಿ. ಈಗ ಒಂದರ ಬಿಳಿ ಹೊಟ್ಟೆ ಕಪ್ಪಾಗಿದೆ, ಅದು ಮೂಲೆ ಬಿಟ್ಟು ಕದಲುತ್ತಿಲ್ಲ, ತೊಟ್ಟಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿದರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ಆ ಮೀನಿಗೆ ಉಪ್ಪು ಬೇಕೆಂಬ ನಿಮ್ಮ ಊಹೆ ಸರಿಯಾಗಿದೆ. ಆದರೆ ಬೇಕಿರುವುದು ಅಡುಗೆಮನೆಯ ಉಪ್ಪಲ್ಲ, ಮತ್ತು ಇವತ್ತೇ ಹಾಕುವುದೂ ತಪ್ಪು. ಮಡಿಕೇರಿಯ ಸಮೀಪ ತೋಟದ ಮನೆಯಲ್ಲಿ ಏಳು ವರ್ಷಗಳಿಂದ ಇದೇ ಜಾತಿಯ ಮೀನೊಂದನ್ನು ಸಾಕುತ್ತಿರುವುದರಿಂದ, ನಮ್ಮ ಜಿಲ್ಲೆಯ ನೀರು ಮತ್ತು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಉತ್ತರಿಸುತ್ತೇನೆ.

ನೀವು ವಿವರಿಸಿದ ಮೀನು, ಅಂದರೆ ಹಳದಿ ಬೆರೆತ ಹಸಿರು ಬೆನ್ನಿನ ಮೇಲೆ ದುಂಡನೆಯ ಕಪ್ಪು ಚುಕ್ಕೆಗಳಿರುವುದು, ಗ್ರೀನ್ ಸ್ಪಾಟೆಡ್ ಪಫರ್. ಶ್ರೀಲಂಕಾದಿಂದ ಇಂಡೋನೇಷ್ಯಾದವರೆಗಿನ ಅಳಿವೆಗಳಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿನಲ್ಲಿ, ಭರತ ಇಳಿತಗಳ ನಡುವೆ ಬದುಕುವ ಮೀನು ಇದು. ಮರಿಗಳು ಹೆಚ್ಚು ಸಿಹಿಯಾದ ನೀರಿನಲ್ಲೂ ಕಾಣಸಿಗುವುದರಿಂದ ಮತ್ತು ಕೆಲವು ತಿಂಗಳು ಅಂಥ ನೀರನ್ನು ತಾಳಿಕೊಳ್ಳುವುದರಿಂದ ವ್ಯಾಪಾರದಲ್ಲಿ ಇವು ಸಿಹಿನೀರಿನ ಮೀನಾಗಿಯೇ ಕೈ ಬದಲಾಯಿಸುತ್ತವೆ. ಬೆಳೆಯುತ್ತಾ ಹೋದಂತೆ, ಉಪ್ಪು ಸಿಹಿ ಬೆರೆತ ಸವುಳು ನೀರು ಇಲ್ಲದೆ ಇವುಗಳ ಆರೋಗ್ಯ ಕುಸಿಯುತ್ತದೆ. ನಮ್ಮ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿ ಕಾಸರಗೋಡಿನ ಬಳಿ ಚಂದ್ರಗಿರಿಯಾಗಿ ಸಮುದ್ರ ಸೇರುವ ಜಾಗವನ್ನು ನೀವು ನೋಡಿರಬಹುದು. ಅಲ್ಲಿನ ನೀರನ್ನು ಮನೆಯಲ್ಲಿ ಕಟ್ಟಿಕೊಡುವುದೇ ನಿಮ್ಮ ಕೆಲಸ.

ಉಪ್ಪನ್ನು ಇವತ್ತೇ ಹಾಕಬೇಡಿ ಎಂದು ಹೇಳಿದ್ದಕ್ಕೆ ಕಾರಣವಿದೆ, ಮತ್ತು ನನ್ನ ಮಟ್ಟಿಗೆ ಈ ಉತ್ತರದಲ್ಲಿ ಅತ್ಯಂತ ಮುಖ್ಯವಾದ ಭಾಗ ಇದೇ. ಕೊಡಗಿನ ಬಾವಿ ಮತ್ತು ಒರತೆಗಳ ನೀರು ಬಹುತೇಕ ಕಡೆ ಬಹಳ ಮೆದು. ಅದರಲ್ಲಿ ಸುಣ್ಣದ ಅಂಶ ಕಡಿಮೆ, ಪಿಎಚ್ 7ಕ್ಕಿಂತ ಕೆಳಗೆ ಜಾರುವುದು ಸಾಮಾನ್ಯ. ಇಂಥ ಹುಳಿ ನೀರಿನಲ್ಲಿ ಮೀನಿನ ಕಸದಿಂದ ಬರುವ ಅಮೋನಿಯಾದ ಹೆಚ್ಚಿನ ಪಾಲು ಅಷ್ಟಾಗಿ ಹಾನಿ ಮಾಡದ ಅಮೋನಿಯಂ ರೂಪದಲ್ಲಿ ಇರುತ್ತದೆ, ಜೊತೆಗೆ ಅದನ್ನು ತಿಂದು ಹಾಕಬೇಕಾದ ಬ್ಯಾಕ್ಟೀರಿಯಾಗಳೂ ಮಂಕಾಗಿರುತ್ತವೆ. ಸಮುದ್ರದ ಉಪ್ಪು ಬಿದ್ದೊಡನೆ ಪಿಎಚ್ ಏರುತ್ತದೆ. 6.5 ಇದ್ದದ್ದು 8 ಆಯಿತೆಂದರೆ ಅಮೋನಿಯಾದ ವಿಷರೂಪದ ಪಾಲು ಸುಮಾರು 30 ಪಟ್ಟು ಹೆಚ್ಚುತ್ತದೆ. ನನ್ನ ಮೊದಲ ಪಫರ್ ಸತ್ತದ್ದು ಹೀಗೆಯೇ. ಬೆಳಿಗ್ಗೆ ಒಳ್ಳೆಯ ಉಪ್ಪನ್ನೇ, ಸರಿಯಾದ ತೂಕದಲ್ಲಿ, ಒಂದೇ ಸಲಕ್ಕೆ ಹಾಕಿದ್ದೆ, ನೀರು ಪರೀಕ್ಷಿಸಿರಲಿಲ್ಲ. ಸಂಜೆಯ ಹೊತ್ತಿಗೆ ಅದು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಟ್ಟು ಮುಚ್ಚುತ್ತಿತ್ತು, ಕಿವಿರಿನ ಬುಡ ಕೆಂಪಗೆ ಉರಿದಂತೆ ಇತ್ತು. ರಾತ್ರಿ ನೀರು ಬದಲಿಸಿದರೂ ಉಳಿಯಲಿಲ್ಲ. ಅದಕ್ಕಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಮೊದಲು ಅಮೋನಿಯಾ ಮತ್ತು ನೈಟ್ರೈಟ್ (ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಒಡೆದಾಗ ಬರುವ ಇನ್ನೊಂದು ವಿಷ) ಅಳೆಯುವ ದ್ರವದ ಕಿಟ್ ತರಿಸಿ. ಎರಡೂ ಸೊನ್ನೆಗೆ ಬರುವ ತನಕ ದಿನವೂ ಕಾಲು ಭಾಗ ನೀರನ್ನು ಅದೇ ಬಾವಿ ನೀರಿನಿಂದ, ಅದೇ ಬಿಸಿಯಲ್ಲಿ ಬದಲಿಸುತ್ತಾ ಬನ್ನಿ. ಹೊಟ್ಟೆ ಕಪ್ಪಾಗಿರುವುದು ಮೀನು ನೊಂದಿದೆ ಎಂಬುದರ ಗುರುತು. ಅದು ಬೇರೊಂದು ರೋಗವೇ ಆಗಬೇಕೆಂದಿಲ್ಲ, ಎಷ್ಟೋ ಸಲ ನೀರು ಶುದ್ಧವಾದ ಕೆಲವೇ ದಿನಗಳಲ್ಲಿ ಬಣ್ಣ ತಿಳಿಯಾಗುತ್ತದೆ.

ಕಲ್ಲುಪ್ಪು ಏಕೆ ಬೇಡವೆಂದರೆ, ಅದೂ ಸಮುದ್ರದ ನೀರಿನಿಂದಲೇ ಬಂದರೂ, ಉಪ್ಪಿನ ಪಾತಿಯಲ್ಲಿ ಹರಳುಗಟ್ಟುವಾಗ ಅದರಲ್ಲಿ ಉಳಿಯುವುದು ಮುಖ್ಯವಾಗಿ ಸೋಡಿಯಂ ಕ್ಲೋರೈಡ್ ಮಾತ್ರ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪಿಎಚ್ ಹಿಡಿದು ನಿಲ್ಲಿಸುವ ಕಾರ್ಬೋನೇಟ್ ಇವೆಲ್ಲ ಬೇಕಾದ ಪ್ರಮಾಣದಲ್ಲಿ ಇರುವುದಿಲ್ಲ. ನಮ್ಮ ಮೆದು ನೀರಿಗೆ ಕೊರತೆ ಇರುವುದೇ ಇವುಗಳದು. ಆದ್ದರಿಂದ ಹವಳದ ತೊಟ್ಟಿಗಳಿಗೆ ಬಳಸುವ ಮರೈನ್ ಸಾಲ್ಟ್ ಎಂಬ ಪುಡಿಯನ್ನೇ ಬೆಂಗಳೂರು, ಮೈಸೂರಿನ ಮೀನಿನ ಅಂಗಡಿಗಳಿಂದ ತರಿಸಬೇಕಾಗುತ್ತದೆ. ತೊಟ್ಟಿಯ ತಳಕ್ಕೆ ಹವಳದ ಚೂರು ಅಥವಾ ಚಿಪ್ಪಿನ ಮರಳು ಹಾಸಿದರೆ ಇನ್ನೂ ಒಳ್ಳೆಯದು. ಉಪ್ಪನ್ನು ಅಳೆಯಲು ರಿಫ್ರಾಕ್ಟೋಮೀಟರ್ ಕೊಳ್ಳಿ, ಚಮಚದ ಲೆಕ್ಕವನ್ನು ನಂಬಬೇಡಿ. ನಮ್ಮ ಕಡೆ ಜೇನು ಕೃಷಿಕರ ಮನೆಗಳಲ್ಲಿ ನೋಡಲು ಇದೇ ರೀತಿ ಇರುವ ಉಪಕರಣವೊಂದು ಇರುತ್ತದೆ. ಅದು ಜೇನಿನ ತೇವಾಂಶ ನೋಡುವುದಕ್ಕೆ ಮಾಡಿದ್ದು, ಉಪ್ಪುನೀರಿಗೆ ನಡೆಯುವುದಿಲ್ಲ.

ಪ್ರಮಾಣದ ವಿಚಾರಕ್ಕೆ ಬಂದರೆ, ಸಿಹಿನೀರಿನ ಸಾಂದ್ರತೆ 1.000 ಎಂದಿಟ್ಟುಕೊಂಡರೆ ಸಮುದ್ರದ ನೀರಿನದು ಸುಮಾರು 1.025 ಇರುತ್ತದೆ. ನಿಮ್ಮ ಮರಿಗಳನ್ನು ಮೊದಲು 1.008ಕ್ಕೆ ತಂದು ನಿಲ್ಲಿಸಿ, ಬೆಳೆದಂತೆ 1.010ರಿಂದ 1.015ರ ನಡುವೆ ಇಟ್ಟುಕೊಳ್ಳಬಹುದು. ವಾರಕ್ಕೆ 0.002ಕ್ಕಿಂತ ಹೆಚ್ಚು ಏರಿಸಬಾರದು. ಮೀನು ತಾಳಿಕೊಂಡರೂ ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳು ತಾಳಿಕೊಳ್ಳುವುದಿಲ್ಲ. 0.002 ಏರಿಸಲು ಲೀಟರಿಗೆ ಹೆಚ್ಚುಕಡಿಮೆ 3 ಗ್ರಾಂ ಉಪ್ಪು ಬೇಕು. ನಿಮ್ಮ 100 ಲೀಟರಿನ ತೊಟ್ಟಿಯಿಂದ ಮೊದಲ ವಾರ 30 ಲೀಟರ್ ತೆಗೆದು, ಹೊಸ 30 ಲೀಟರಿನಲ್ಲಿ 300 ಗ್ರಾಂ ಕರಗಿಸಿ ತುಂಬಿ. ಎರಡನೆಯ ವಾರ ತೆಗೆಯುವ ನೀರಿನೊಂದಿಗೆ 90 ಗ್ರಾಂ ಉಪ್ಪು ಹೊರಗೆ ಹೋಗುವುದರಿಂದ 390 ಗ್ರಾಂ ಬೇಕು, ಇದೇ ಲೆಕ್ಕದಲ್ಲಿ ಮೂರನೆಯ ವಾರ 480, ನಾಲ್ಕನೆಯ ವಾರ 570. ಅಲ್ಲಿಗೆ 1.008ರ ಹತ್ತಿರ ಬಂದಿರುತ್ತೀರಿ. ಮುಂದೆ ವಾರವಾರದ ಬದಲಾವಣೆಗೆ 360 ಗ್ರಾಂ ಸಾಕು. ಉಪ್ಪನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಕರಗಿಸಿ, ಏರ್ ಪಂಪಿನ ಕಲ್ಲು ಬಿಟ್ಟು ಇಡೀ ರಾತ್ರಿ ಕದಡಲು ಬಿಡಿ, ಮರುದಿನ ಸಣ್ಣ ಪೈಪಿನಲ್ಲಿ ನಿಧಾನವಾಗಿ ಇಳಿಸಿ. ಆವಿಯಾಗಿ ಕಡಿಮೆಯಾದ ನೀರನ್ನು ಮಾತ್ರ ಯಾವಾಗಲೂ ಸಿಹಿನೀರಿನಿಂದಲೇ ತುಂಬಬೇಕು, ಏಕೆಂದರೆ ಆವಿಯಾಗುವುದು ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ.

ಮಳೆಗಾಲಕ್ಕೆ ಈಗಲೇ ಸಿದ್ಧರಾಗಿ. ಈ ಮೀನಿಗೆ 24ರಿಂದ 28 ಡಿಗ್ರಿ ಬೇಕು. ಜುಲೈಯಲ್ಲಿ ನಮ್ಮ ಮನೆಯೊಳಗಿನ ನೀರು ಹೀಟರ್ ಇಲ್ಲದಿದ್ದರೆ 19ಕ್ಕೆ ಇಳಿಯುತ್ತದೆ. ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಿರುವುದು ನಿಮಗೂ ಹೊಸದಲ್ಲ. ಇನ್ವರ್ಟರಿಗೆ ಹೀಟರ್ ಜೋಡಿಸಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಆದ್ದರಿಂದ ಅದಕ್ಕೆ ಏರ್ ಪಂಪು ಮತ್ತು ಸ್ಪಂಜ್ ಫಿಲ್ಟರ್ ಮಾತ್ರ ಕೊಡಿ. ಗಾಜಿನ ಸುತ್ತ ಥರ್ಮಕೋಲ್ ನಿಲ್ಲಿಸಿ ಮೇಲೆ ಕಂಬಳಿ ಹೊದಿಸಿ, ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ತೊಟ್ಟಿಯಲ್ಲಿ ತೇಲಿಬಿಟ್ಟರೆ ನೀರು ತೀರಾ ತಣ್ಣಗಾಗುವುದಿಲ್ಲ. ಆ ದಿನಗಳಲ್ಲಿ ಆಹಾರ ಕೊಡಬೇಡಿ.

ಆಹಾರದ ಬಗ್ಗೆ ನೀವು ಕೇಳಿಲ್ಲ, ಆದರೆ ಉಂಡೆ ಆಹಾರವನ್ನಷ್ಟೇ ಹಾಕುತ್ತಿದ್ದೇನೆ ಎಂದು ಬರೆದಿದ್ದೀರಿ. ಪಫರಿನ ಬಾಯಿಯಲ್ಲಿ ನಾಲ್ಕು ಹಲ್ಲುಗಳು ಕೂಡಿ ಗಿಳಿಯ ಕೊಕ್ಕಿನಂತಾಗಿರುತ್ತವೆ, ಮತ್ತು ಅವು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಗಟ್ಟಿಯಾದದ್ದನ್ನು ಕಚ್ಚಿ ಸವೆಸದಿದ್ದರೆ ಬಾಯಿ ತೆರೆಯಲಾಗದೆ ಮೀನು ಉಪವಾಸದಿಂದ ಸಾಯುತ್ತದೆ. ನಮ್ಮ ಮೀನಿಗೆ ಬಸವನಹುಳು ಹಾಕಿದಾಗ ಅದು ಒಮ್ಮೆಲೇ ಬಾಯಿ ಹಾಕುವುದಿಲ್ಲ. ಒಂದಂಗುಲ ದೂರದಲ್ಲಿ ನಿಂತು, ಮೈಯನ್ನು ಸ್ವಲ್ಪ ವಾಲಿಸಿ, ಎರಡೂ ಕಣ್ಣುಗಳನ್ನು ಮುಂದಕ್ಕೆ ತಿರುಗಿಸಿ, ಹುಳು ಚಿಪ್ಪಿನಿಂದ ತಲೆ ಹೊರಹಾಕುವವರೆಗೂ ಕಾಯುತ್ತದೆ. ಆಮೇಲೆ ಕಟಕ್ಕೆಂಬ ಸದ್ದು ಗಾಜಿನ ಹೊರಗೂ ಕೇಳುತ್ತದೆ. ಏಳು ವರ್ಷವಾದರೂ ಆ ಹೊತ್ತಿನಲ್ಲಿ ನಾನು ಕಾಫಿ ಲೋಟವನ್ನು ಕೆಳಗಿಟ್ಟು ನೋಡುತ್ತೇನೆ.

ಆದರೆ ತೋಟದ ಚರಂಡಿಯಿಂದ, ಗದ್ದೆಯ ಬದುವಿನಿಂದ ಬಸವನಹುಳು ಅಥವಾ ಏಡಿ ಹಿಡಿದು ತಂದು ಹಾಕಲೇಬೇಡಿ. ಕಾಫಿಗೂ ಮೆಣಸಿಗೂ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಎಂದರೆ ತಾಮ್ರ, ಹುರುಪೆ ಇಲ್ಲದ ಈ ಮೀನಿಗೆ ತಾಮ್ರ ಬಹಳ ಬೇಗ ತಗಲುತ್ತದೆ. ಆಫ್ರಿಕನ್ ಬಸವನಹುಳುವಿನ ಕಾಟಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯೂ ಹುಳುವಿನ ಹೊಟ್ಟೆಯಲ್ಲಿ ಇರಬಹುದು. ರ‍್ಯಾಮ್ಸ್‌ಹಾರ್ನ್ ಬಸವನಹುಳುಗಳನ್ನು ಒಂದು ಹಳೆಯ ಟಬ್ಬಿನಲ್ಲಿ ಸಾಕಿದರೆ ಅವೇ ಹೆಚ್ಚುತ್ತಾ ಹೋಗುತ್ತವೆ, ಎಲೆಕೋಸಿನ ಎಲೆ ಹಾಕಿದರೆ ಸಾಕು. ಜೊತೆಗೆ ಸಂತೆಯ ದಿನ ಕರಾವಳಿಯಿಂದ ಬರುವ ಚಿಪ್ಪಿನ ಮರುವಾಯಿ, ಸಿಪ್ಪೆ ಸಹಿತ ಸಿಗಡಿಯನ್ನು ಫ್ರೀಜರಿನಲ್ಲಿಟ್ಟು ಸ್ವಲ್ಪಸ್ವಲ್ಪವೇ ಕೊಡಬಹುದು. ಇದೇ ತಾಮ್ರದ ಕಾರಣಕ್ಕೆ, ಬಿಳಿ ಚುಕ್ಕೆ ರೋಗದ ಔಷಧಿ ಕೊಳ್ಳುವಾಗ ಲೇಬಲ್ ಓದದೆ ತೊಟ್ಟಿಗೆ ಸುರಿಯಬೇಡಿ.

ಇನ್ನು ಎರಡು ಮೀನುಗಳ ವಿಷಯ. ಈ ಮರಿಗಳು 15 ಸೆಂಟಿಮೀಟರಿನಷ್ಟು ಬೆಳೆಯುತ್ತವೆ, ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲವು, ಮತ್ತು ದೊಡ್ಡವಾದಂತೆ ಜೊತೆಯ ಮೀನಿನ ರೆಕ್ಕೆ ಕಚ್ಚುತ್ತವೆ. 100 ಲೀಟರ್ ಒಂದಕ್ಕೂ ಇಕ್ಕಟ್ಟೇ. ಒಂದನ್ನು ಬೇರೆ ತೊಟ್ಟಿಗೆ ಹಾಕಲು ಅಥವಾ ಉಪ್ಪುನೀರಿನ ತೊಟ್ಟಿ ಇರುವ ಯಾರಿಗಾದರೂ ಕೊಡಲು ಈಗಿನಿಂದಲೇ ಯೋಚಿಸಿ. ಯಾವ ಕಾರಣಕ್ಕೂ ಹೊಳೆಗೆ ಬಿಡಬೇಡಿ. ಉಪ್ಪಿನ ಗೊಡವೆಯೇ ಬೇಡವೆನಿಸಿದರೆ ಮುಂದೆ ಪೂರ್ತಿ ಸಿಹಿನೀರಿನ ಪುಟ್ಟ ಪೀ ಪಫರ್ ಸಾಕಬಹುದು. ಅದು ಪಶ್ಚಿಮ ಘಟ್ಟದ್ದೇ ಮೀನು, ಆದರೆ ಕಾಡಿನ ಹೊಳೆಗಳಲ್ಲಿ ಅಪಾಯದ ಅಂಚಿಗೆ ಬಂದಿರುವುದರಿಂದ, ತೊಟ್ಟಿಯಲ್ಲೇ ಮರಿ ಮಾಡಿಸಿದ್ದೆಂದು ಖಾತರಿಯಿದ್ದರೆ ಮಾತ್ರ ಕೊಳ್ಳಿ.

ಮೀನನ್ನು ಬೇರೆಡೆಗೆ ಸಾಗಿಸುವಾಗ ಬಲೆ ಬಳಸದೆ, ನೀರಿನೊಳಗೇ ಒಂದು ಮಗ್ಗಿನಲ್ಲಿ ತುಂಬಿಸಿಕೊಂಡು ಎತ್ತಿ. ಗಾಬರಿಯಾಗಿ ಉಬ್ಬುವಾಗ ನೀರಿನ ಬದಲು ಗಾಳಿ ಒಳಹೊಕ್ಕರೆ ಅದನ್ನು ಹೊರಹಾಕಲು ಅದಕ್ಕೆ ಕಷ್ಟವಾಗುತ್ತದೆ. ಇವತ್ತು ಸಂಜೆ ಕಾಲು ಭಾಗ ನೀರು ಬದಲಿಸಿ, ಹೀಟರನ್ನು 26 ಡಿಗ್ರಿಗೆ ಇಟ್ಟು, ಎರಡು ದಿನ ಉಂಡೆ ಆಹಾರ ನಿಲ್ಲಿಸಿ. ಕಿಟ್ ಬಂದ ಮೇಲೆ ಅಮೋನಿಯಾ, ನೈಟ್ರೈಟ್ ಮತ್ತು ಪಿಎಚ್ ಈ ಮೂರರ ಅಂಕಿಗಳನ್ನು ಇದೇ ಪ್ರಶ್ನೆಯ ಕೆಳಗೆ ಬರೆಯಿರಿ. ಅವನ್ನು ನೋಡಿ ಉಪ್ಪು ಯಾವಾಗ ಶುರು ಮಾಡಬಹುದೆಂದು ಹೇಳುತ್ತೇನೆ.