ಪ್ರ: ‘ಒಂದು ಮೊಟ್ಟೆಯ ಕಥೆ’ ಸಿನಿಮಾವನ್ನು ಎಲ್ಲರೂ ಹೊಗಳ್ತಾರೆ, ನಮಗೆ ಯಾಕೆ ನಗು ಬರಲಿಲ್ಲ?

ಉ: ಅರ್ಧ ಗಂಟೆ ನೋಡಿ ಆಫ್ ಮಾಡಿದೆವು ಅಂದಿರಲ್ಲ, ತೊಂದರೆ ಬಹುಶಃ ಮಾತಿನದ್ದು. ಸಿನಿಮಾದಲ್ಲಿರುವುದು ಮಂಗಳೂರು ಕನ್ನಡ. ‘ಎಂತ’, ‘ಉಂಟು’, ‘ಮಾರಾಯ’ ಅಂತ ತುಮಕೂರಿನವರಾದ ನಿಮ್ಮ ಕಿವಿಗೆ ಹತ್ತುವಷ್ಟರಲ್ಲಿ ಜೋಕು ದಾಟಿ ಹೋಗಿರುತ್ತದೆ. ನನಗೂ ಮೊದಲ ಸಲ ಹಾಗೇ ಆಗಿತ್ತು.

ಮೊದಲು ಸಬ್‌ಟೈಟಲ್ ಹಾಕಿಕೊಳ್ಳಿ, ಇಂಗ್ಲಿಷಿನದಾದರೂ ಪರವಾಗಿಲ್ಲ. ಸ್ವಲ್ಪ ಹೊತ್ತಿಗೆ ಕಿವಿ ಪಳಗುತ್ತದೆ. ಬಿಟ್ಟ ಜಾಗದಿಂದ ಬೇಡ, ಶುರುವಿನಿಂದಲೇ ನೋಡಿ. ಫೈಟು, ಪಂಚ್ ಡೈಲಾಗಿಗೆ ಕಾಯಬೇಡಿ. ನಾಯಕ ಬೋಳುತಲೆಯ ಕನ್ನಡ ಲೆಕ್ಚರರ್, ರಾಜ್‌ಕುಮಾರ್ ಅಭಿಮಾನಿ. ತಲೆಯಲ್ಲಿ ಕೂದಲಿಲ್ಲ ಅಂತ ಹೆಣ್ಣು ಸಿಗುತ್ತಿಲ್ಲ. ಅವನಿಗೆ ಮಾತ್ರ ಚೆಂದದ ಹುಡುಗಿಯೇ ಬೇಕು! ನಗು ಇರುವುದು ಅಲ್ಲೇ. ಅವನ ಪೆಚ್ಚು ಮುಖ ನೋಡುತ್ತಿರಿ, ಹಿಂದೆ ಅಣ್ಣಾವ್ರ ಹಾಡು ಬಂದಾಗಲಂತೂ ಬಿಡಬೇಡಿ. 2017ರ ಈ ಸಿನಿಮಾ ಬರೆದು, ನಿರ್ದೇಶಿಸಿ, ನಾಯಕನಾದವರೂ ರಾಜ್ ಬಿ. ಶೆಟ್ಟಿಯೇ. ಸುಮ್ನೆ ಬೋಳುತಲೆ ತೋರಿಸಿ ನಗಿಸುವ ಕೆಲಸ ಮಾಡಿಲ್ಲ.

ನಿಮ್ಮ ಮನೆಯವರಿಗೂ ಹಿಡಿಸುತ್ತದಾ, ಹೇಳಲಾರೆ. ನಮ್ಮಲ್ಲಿ ಅಮ್ಮ ಬಿದ್ದು ಬಿದ್ದು ನಕ್ಕರು, ತಮ್ಮ ಎದ್ದು ಹೋದ. ಇಂಟರ್ವಲ್‌ವರೆಗೂ ತುಟಿ ಅಲ್ಲಾಡದಿದ್ದರೆ ಬಿಟ್ಟುಬಿಡಿ.